ಅವರ ಫುಟ್‌ಪಾತ್, ನಮ್ಮ ಪಾಣಂದ

ಇಂಗ್ಲೆಂಡಿನ ವಸಂತ ಅಂದ ಕೂಡಲೇ ಎಲ್ಲರೂ ಹೂವಿನ ಫೋಟೋ ತೋರಿಸುತ್ತಾರೆ. ನಾನೂ ತೋರಿಸಿದ್ದೇನೆ, ಸುಳ್ಳೇಕೆ ಹೇಳಲಿ. ಡ್ಯಾಫೋಡಿಲ್, ಚೆರ್ರಿ, ನೀಲಿ ಬ್ಲೂಬೆಲ್... ಆದರೆ 2025ರ ಮಾರ್ಚಿನಿಂದ ಮೇ ತನಕ ವಾರದ ರಜೆ ಒಂದನ್ನೂ ಬಿಡದೆ ತಿರುಗಿದ ನನ್ನ ತಲೆಯಲ್ಲಿ ಹೂವಿಗಿಂತ ಹೆಚ್ಚು ಉಳಿದದ್ದು ಕಾಲುದಾರಿ. ಹೌದು, ಬರೀ ಮಣ್ಣಿನ ಕಾಲುದಾರಿ. ಯಾಕೆ ಅಂತ ಹೇಳಬೇಕಾದರೆ ನನ್ನೂರಿನ ಒಂದು ಜಗಳವನ್ನೂ ಹೇಳಬೇಕಾಗುತ್ತದೆ. ಸ್ವಲ್ಪ ಉದ್ದವಾದೀತು, ಚಹಾ ಮಾಡಿಕೊಂಡು ಕೂತರೆ ಒಳ್ಳೇದು.

ಮೊದಲು ಊರಿನ ಪರಿಚಯ. ಶಿರಗುಪ್ಪಿ ಅಂದರೆ "ಹುಬ್ಬಳ್ಳಿ ಹತ್ತಿರದ್ದಾ?" ಅಂತ ಕೇಳುವವರೇ ಜಾಸ್ತಿ. ಅದು ಬೇರೆ. ನಮ್ಮದು ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕು, ಮೊದಲು ಅಥಣಿ ತಾಲೂಕಿನಲ್ಲಿತ್ತು. ದವಾಖಾನೆ, ಬಟ್ಟೆ, ಬಂಗಾರ ಎಲ್ಲಕ್ಕೂ ನಮಗೆ ಬೆಳಗಾವಿಗಿಂತ ಮಿರಜ, ಸಾಂಗಲಿಯೇ ಹತ್ತಿರ. ಕೃಷ್ಣಾ ಹೊಳೆಯ ಸೀಮೆ, ಎತ್ತ ನೋಡಿದರೂ ಕಬ್ಬು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಐದು ವರ್ಷ ಕೋಡ್ ಬರೆದು, ಕಂಪನಿ ಕಳಿಸಿತು ಅಂತ 2024ರ ಜನವರಿಯಲ್ಲಿ ಮ್ಯಾಂಚೆಸ್ಟರಿಗೆ ಬಂದವನು ನಾನು. ಊರಲ್ಲಿ ಅಪ್ಪ, ಅವ್ವ, ಮೂರು ಎಕರೆ ಹೊಲ.

ಹೊಲಕ್ಕೆ ಹೋಗುವ ಬಂಡಿದಾರಿಗೆ ನಮ್ಮ ಕಡೆ ‘ಪಾಣಂದ’ ಅಂತಾರೆ. ಮರಾಠಿಯಿಂದ ಬಂದ ಮಾತು. ಎರಡೂ ಬದಿಗೆ ಬಾಂದ, ನಡುವೆ ಒಂದು ಎತ್ತಿನ ಬಂಡಿ ಹಾಯುವಷ್ಟು ಜಾಗ. ಮಂಡ್ಯದ ನನ್ನ ರೂಮ್‌ಮೇಟ್ ತಮ್ಮ ಕಡೆ ಅದಕ್ಕೆ ‘ಓಣಿ’ ಅನ್ನುತ್ತಾರೆ ಅಂತಾನೆ. ನಮ್ಮ ಕಡೆ ಓಣಿ ಅಂದರೆ ಊರೊಳಗಿನ ಬೀದಿ. ಇಬ್ಬರೂ ಕನ್ನಡದವರು, ಇಬ್ಬರೂ ಕಬ್ಬಿನವರು, ಆದರೂ ಒಬ್ಬರ ಹಾದಿ ಇನ್ನೊಬ್ಬರಿಗೆ ತಿಳಿಯಲು ಅರ್ಧ ತಾಸು ಬೇಕಾಯ್ತು :)

*

ಯುಗಾದಿಯಿಂದ ಶುರು ಮಾಡುತ್ತೇನೆ. 2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30, ರವಿವಾರ. ಇಲ್ಲಿ ಮಾರ್ಚಿನ ಕೊನೆಯ ರವಿವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ಹಾಕುತ್ತಾರೆ. ಎರಡೂ ಒಂದೇ ದಿನ ಕೂಡಿ ಬಂದವು. ಭಾರತಕ್ಕೂ ನಮಗೂ ಇದ್ದ ಐದೂವರೆ ತಾಸಿನ ಅಂತರ ನಾಲ್ಕೂವರೆ ಆಯ್ತು. ಅವ್ವನಿಗೆ ಫೋನಿನಲ್ಲಿ "ಇವತ್ತಿಂದ ನಾ ನಿಮಗ ಒಂದ ತಾಸು ಹತ್ರ ಬಂದೆ ನೋಡವ್ವಾ" ಅಂದೆ. "ಹಂಗಽ ಒಂದೊಂದ ತಾಸು ಹತ್ರ ಬರಕೋತ ಊರಿಗೆ ಬಂದಬಿಡು" ಅಂದಳು. ಬೆಲ್ಲ ಸಿಕ್ಕಿತ್ತು, ಬೇವು ಸಿಕ್ಕಿರಲಿಲ್ಲ. ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡು ರೈಲು ಹತ್ತಿದೆವು.

ಮ್ಯಾಂಚೆಸ್ಟರಿನ ಪಿಕಡಿಲಿ ಸ್ಟೇಷನ್ನಿನಿಂದ ಈಡೇಲ್‌ಗೆ ಮುಕ್ಕಾಲು ತಾಸಿನ ದಾರಿ. ಚಿನ್ಲಿ ದಾಟಿದ ಮೇಲೆ ಮೂರು ಕಿಲೋಮೀಟರಿಗೂ ಉದ್ದದ ಒಂದು ಸುರಂಗ ಬರುತ್ತದೆ. ಈ ಕಡೆ ಬೂದು ಬಣ್ಣದ ಊರುಗಳು, ಆ ಕಡೆ ಹೊರಬಿದ್ದರೆ ಹಸಿರು ಕಣಿವೆ. ಪೀಕ್ ಡಿಸ್ಟ್ರಿಕ್ಟ್ ಅಂತ ಇದರ ಹೆಸರು, 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾದದ್ದು. ರಾಷ್ಟ್ರೀಯ ಉದ್ಯಾನ ಅಂದರೆ ನಮ್ಮ ನಾಗರಹೊಳೆ, ಬಂಡೀಪುರದ ಹಾಗೆ ಕಾಡು ಅಂದುಕೊಂಡಿದ್ದೆ. ನೋಡಿದರೆ ಹೊಲ, ಕುರಿ, ಮನೆ, ಚರ್ಚು, ಎಲ್ಲಾ ಅದರೊಳಗೇ! ಜನ ಬಾಳುತ್ತಿರುವ ಊರುಗಳನ್ನೇ ಉದ್ಯಾನ ಅಂತ ಕರೆದಿದ್ದಾರೆ.

ಈಡೇಲ್‌ನಿಂದಲೇ ಪೆನೈನ್ ವೇ ಎಂಬ ಕಾಲುದಾರಿ ಶುರುವಾಗುತ್ತದೆ. ಸ್ಕಾಟ್ಲೆಂಡಿನ ಗಡಿ ದಾಟುವವರೆಗೆ 268 ಮೈಲಿ. ನಾವು ನಡೆದದ್ದು ಅದರಲ್ಲಿ ಮೂರೋ ನಾಲ್ಕೋ ಮೈಲಿ. ಕಲ್ಲಿನ ಗೋಡೆ ಅಡ್ಡ ಬಂದಲ್ಲಿ ಹತ್ತಿ ಇಳಿಯಲು ಮೆಟ್ಟಿಲು ಮಾಡಿದ್ದಾರೆ, ಅದಕ್ಕೆ ಸ್ಟೈಲ್ ಅಂತಾರೆ. ಇನ್ನು ಕೆಲವು ಕಡೆ ಒಂದು ಸಣ್ಣ ಗೇಟು, ಒಂದು ಸಲಕ್ಕೆ ಒಬ್ಬನೇ ಮನುಷ್ಯ ತೂರಬಹುದು, ದನ ಕುರಿ ತೂರಲಾರವು. ಅದರ ಹೆಸರು ಕಿಸ್ಸಿಂಗ್ ಗೇಟ್. ಹೆಸರು ಕೇಳಿ ನಮ್ಮ ಮಂಡ್ಯದವನು ಬಹಳ ಆಸೆಯಿಂದ ಕಾದ. ಗೇಟಿನ ಪಟ್ಟಿ ಬಂದು ಕಂಬಕ್ಕೆ ಮುತ್ತು ಕೊಡುತ್ತದೆ ಅಷ್ಟೇ!

ಹಾಗೇ ಹೋಗುತ್ತಿದ್ದರೆ ದಾರಿ ನೇರ ಒಬ್ಬ ರೈತನ ಅಂಗಳಕ್ಕೇ ನುಗ್ಗಿತು. ಟ್ರ್ಯಾಕ್ಟರ್ ನಿಂತಿದೆ, ನಾಯಿ ಮಲಗಿದೆ, ಆಗಷ್ಟೇ ಹುಟ್ಟಿದ ಕುರಿಮರಿಗಳು ತಾಯಿಯ ಹೊಟ್ಟೆಗೆ ತಲೆ ಗುದ್ದುತ್ತಿವೆ. ನಾನು ನಿಂತುಬಿಟ್ಟೆ. ಊರಿನ ಅಭ್ಯಾಸ, ಇನ್ನೊಬ್ಬರ ಮನೆ ಮುಂದೆ ಹಾಯುವಾಗ ಒಂದು ಮಾತು ಕೇಳಬೇಕಲ್ಲ. ಒಳಗಿನಿಂದ ಬಂದ ಮುದುಕ "ಮಾರ್ನಿಂಗ್" ಅಂದು, ಗೇಟು ಹಾಕಿಕೊಂಡು ಹೋಗಿ ಅಂತ ಕೈಸನ್ನೆ ಮಾಡಿ ತನ್ನ ಕೆಲಸಕ್ಕೆ ಹೋದ. ನಾವು ಯಾರು, ಯಾವ ಊರು, ಯಾಕೆ ಬಂದಿರಿ... ಒಂದೂ ಇಲ್ಲ.

ಅಂಗಳ ಅವನದು. ಹಾದಿ ಎಲ್ಲರದು. ಇವೆರಡೂ ಒಂದೇ ನೆಲದ ಮೇಲೆ ಜಗಳವಿಲ್ಲದೆ ಇರಬಹುದು ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ಬೆಂಗಳೂರಿನಲ್ಲಿ ಫುಟ್‌ಪಾತ್ ಅಂದರೆ ರಸ್ತೆ ಜಾಮ್ ಆದಾಗ ಬೈಕ್ ಹತ್ತಿಸುವ ಜಾಗ. ಇಲ್ಲಿ ‘ಪಬ್ಲಿಕ್ ಫುಟ್‌ಪಾತ್’ ಅಂದರೆ ಯಾರದೋ ಹೊಲದ ನಡುವೆ ಹಾಯಲು ಊರಿಗೆಲ್ಲ ಇರುವ ಹಕ್ಕು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಇಂಥ ಹಕ್ಕಿನ ದಾರಿಗಳು ಸುಮಾರು 2,25,000 ಕಿ.ಮೀ. ಇವೆ. ಭೂಮಿಯನ್ನು ಐದು ಸಲ ಸುತ್ತಿ ಬಂದರೂ ಇನ್ನೂ ಉಳಿಯುತ್ತದೆ.

*

ಈಗ ಜಗಳದ ವಿಷಯ.

ನಮ್ಮ ಹೊಲ ಡಾಂಬರು ರಸ್ತೆಗೆ ಹತ್ತಿಲ್ಲ. ಪಾಣಂದ ಮುಗಿದ ಮೇಲೆ ಇನ್ನೊಬ್ಬರ ಹೊಲದ ಅಂಚಿನಲ್ಲಿ ಹಾಯ್ದು ಹೋಗಬೇಕು. ಮುತ್ಯಾನ ಕಾಲದಿಂದ ಹಾಗೇ ನಡೆದಿತ್ತು. ಯಾರೂ ಏನೂ ಬರೆದುಕೊಂಡಿರಲಿಲ್ಲ, ಬರೆದುಕೊಳ್ಳಬೇಕು ಅಂತ ಯಾರಿಗೂ ಅನಿಸಿರಲಿಲ್ಲ. ನಮ್ಮ ಆಯಿ ಅದಕ್ಕೆ ‘ಶಿವರಾತ್ರಿ ಹಾದಿ’ ಅನ್ನುತ್ತಿದ್ದಳು. ಶಿವರಾತ್ರಿ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ಅದೇ ಹಾದಿ ಹಿಡಿದು ಜುಗೂಳಕ್ಕೆ ಹೋಗಿ, ಅಲ್ಲಿ ದೋಣಿ ಹತ್ತಿ ಕೃಷ್ಣೆ ದಾಟಿ ಖಿದ್ರಾಪುರದ ಕೋಪೇಶ್ವರನಿಗೆ ಕೈಮುಗಿದು ಬರುತ್ತಿದ್ದರಂತೆ. ಖಿದ್ರಾಪುರ ಈಗ ಮಹಾರಾಷ್ಟ್ರ. ಶಿಲಾಹಾರರ ಕಾಲದ, ಹನ್ನೆರಡನೇ ಶತಮಾನದ ಗುಡಿ. 48 ಕಂಬದ ಸ್ವರ್ಗಮಂಟಪ, ನಡುವೆ ಮಾಡು ಇಲ್ಲದೆ ಗುಂಡಗೆ ಕಾಣುವ ಆಕಾಶ. ಆ ಗುಡಿಯಲ್ಲಿ ಈಶ್ವರನ ಮುಂದೆ ನಂದಿ ಇಲ್ಲ, ನಂದಿ ಇರುವುದು ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ದೇವರು ಒಂದು ಊರು, ನಂದಿ ಒಂದು ಊರು. ಇಂಥ ಸೀಮೆಯಲ್ಲಿ ಹಾದಿಗೆ ಎಷ್ಟು ಬೆಲೆ ಇರಬೇಕು ನೋಡಿ.

ಆದರೆ ನಮ್ಮ ಕಡೆ ಹಾದಿ ಸವೆಯಲು ಬಹಳ ಕಾರಣಗಳಿವೆ. 2005, 2019, 2021... ಮೂರು ಸಲ ಕೃಷ್ಣೆ ಮೇಲೆ ಬಂದಳು. ನೀರು ಇಳಿದ ಮೇಲೆ ಬಾಂದ ಯಾವುದು, ಹಾದಿ ಯಾವುದು ಗೊತ್ತಾಗುವುದಿಲ್ಲ. ಹೊಸದಾಗಿ ಬಾಂದ ಹಾಕುವಾಗ ಎಲ್ಲರೂ ಒಂದೊಂದು ಸಾಲು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಹಾದಿಗೆ ಬಾಯಿ ಇಲ್ಲ, ಅದು ಸುಮ್ಮನೆ ಸಣ್ಣಗಾಗುತ್ತ ಹೋಗುತ್ತದೆ. ಮೊದಲು ಬಂಡಿ ಹಾಯುತ್ತಿದ್ದಲ್ಲಿ ಈಗ ಎರಡು ಎಮ್ಮೆ ಜೊತೆಗೆ ಹಾಯಲಾರವು.

ಇದರ ಮೇಲೆ, ಆ ಅಂಚಿನ ಹೊಲ ಕೈ ಬದಲಾಯಿತು. ಹೊಸ ಮಾಲೀಕರು 2025ರ ಫೆಬ್ರುವರಿಯಲ್ಲಿ ಕಲ್ಲು ನೆಟ್ಟು ತಂತಿ ಎಳೆದರು. ಸರಿಯಾಗಿ ನಮ್ಮ ಕಬ್ಬು ಕಡಿಯುವ ಹೊತ್ತು! ಕಬ್ಬಿನವರಿಗೆ ಇದರ ಸಂಕಟ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಕಡಿಯುವ ಗ್ಯಾಂಗು ಪಾಳಿ ಪ್ರಕಾರ ಬರುತ್ತದೆ, ಪಾಳಿ ತಪ್ಪಿದರೆ ಮತ್ತೆ ಯಾವಾಗಲೋ. ಕಡಿದ ಕಬ್ಬು ಬಿಸಿಲಲ್ಲಿ ಬಿದ್ದರೆ ದಿನದಿನಕ್ಕೂ ತೂಕ ಇಳಿಯುತ್ತದೆ, ಸಕ್ಕರೆ ಇಳುವರಿಯೂ ಇಳಿಯುತ್ತದೆ. ಫ್ಯಾಕ್ಟರಿ ಕೊಡುವುದು ತೂಕಕ್ಕೆ. ಟ್ರ್ಯಾಕ್ಟರ್ ಒಳಗೆ ಬರಲು ದಾರಿ ಇಲ್ಲದೆ ಗ್ಯಾಂಗಿನವರು ಕಟ್ಟು ಕಟ್ಟಿ ತಲೆ ಮೇಲೆ ಹೊತ್ತು ರಸ್ತೆಗೆ ತಂದರು. ಅದಕ್ಕೆ ಬೇರೆ ದುಡ್ಡು. ಹೊತ್ತವರಲ್ಲಿ ಅಪ್ಪನೂ ಒಬ್ಬ. ಅರವತ್ತು ದಾಟಿದವನು. ಹಾದಿ ಇಲ್ಲದ ಹೊಲವನ್ನು ಕೊಳ್ಳುವವರು ಯಾರು? ಹಾದಿ ಮುಚ್ಚಿದವರೇ, ಅವರು ಹೇಳಿದ ಬೆಲೆಗೆ. ಅಪ್ಪನ ನಿದ್ದೆ ಕೆಡಿಸಿದ್ದು ತಲೆ ಮೇಲಿನ ಕಟ್ಟಿಗಿಂತ ಆ ಯೋಚನೆ.

ಏಪ್ರಿಲ್ ಕೊನೆಗೆ ಚೆಶೈರ್ ಕಡೆ ಒಂದು ಹೊಲದಲ್ಲಿ ನಡೆಯುತ್ತಿದ್ದೆ. ಎದೆಮಟ್ಟ ಬೆಳೆದ ರೇಪ್, ನಮ್ಮ ಸಾಸಿವೆಯ ಜಾತಿ, ಕಣ್ಣು ಕುಕ್ಕುವ ಹಳದಿ. ಆ ಹಳದಿಯ ನಟ್ಟನಡುವೆ ಒಂದು ಮೀಟರ್ ಅಗಲದ ಬೈತಲೆ ತೆಗೆದ ಹಾಗೆ ದಾರಿ. ಅದು ಜನ ತುಳಿದು ಆದದ್ದಲ್ಲ, ರೈತನೇ ಬಿಟ್ಟದ್ದು. ಹೊಲದ ನಡುವೆ ಹಾದಿ ಇದ್ದರೆ ಉಳುವುದಕ್ಕೆ ಅಡ್ಡಿಯಿಲ್ಲ, ಆದರೆ ಬಿತ್ತನೆಗೆ ಅಂತ ಮೊದಲ ಸಲ ಉತ್ತ ಹದಿನಾಲ್ಕು ದಿನದೊಳಗೆ ಹಾದಿಯನ್ನು ಮತ್ತೆ ಮಾಡಿಕೊಡಬೇಕು, ಕಡಿಮೆ ಅಂದರೂ ಒಂದು ಮೀಟರ್ ಅಗಲ ಇರಬೇಕು, ಬೆಳೆ ಅದರ ಮೇಲೆ ಬೆಳೆಯಬಾರದು. 1990ರಿಂದ ಇದು ಅವರ ಕಾನೂನು.

ಅಲ್ಲೇ ನಿಂತು ಅಪ್ಪನಿಗೆ ವೀಡಿಯೋ ಕಾಲ್ ಮಾಡಿದೆ. ತೋರಿಸಿದೆ, ಕಾನೂನನ್ನೂ ಹೇಳಿದೆ. ಸ್ವಲ್ಪ ಹೊತ್ತು ನೋಡಿದ.

"ಇಷ್ಟ ಬೆಳಿ ಬಿಟ್ಟಾನಲ್ಲೋ ತಮ್ಮಾ, ಇದಕ್ಕ ಅವಂಗ ರೊಕ್ಕಾ ಕೊಡ್ತಾರೇನು?"

"ಇಲ್ಲಪಾ. ಕೊಡೂದಿಲ್ಲ."

"ಮತ್ತ ಯಾಕ ಬಿಟ್ಟಾನು?"

"ಹಾದಿ ಅವನಕಿಂತ ಮೊದಲಿಂದೂ ಐತಿ ಅಂತ."

ಅಪ್ಪ ಮತ್ತೇನೂ ಅನ್ನಲಿಲ್ಲ. ಕೊನೆಗೆ "ನಮ್ಮದೂ ಮೊದಲಿಂದೂ ಐತಿ" ಅಂದು ಫೋನು ಇಟ್ಟ.

*

ಇಂಗ್ಲೆಂಡಿನವರು ಹುಟ್ಟಾ ಧರ್ಮಾತ್ಮರು, ಅದಕ್ಕೇ ಹಾದಿ ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಈಡೇಲ್‌ನ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಹೇಫೀಲ್ಡ್ ಅಂತ ಊರಿದೆ. ಅಲ್ಲಿನ ಬೌಡನ್ ಬ್ರಿಜ್ ಹತ್ತಿರ ಹಳೇ ಕಲ್ಲುಗಣಿಯ ಗೋಡೆಗೆ ಒಂದು ಫಲಕ ಹಾಕಿದ್ದಾರೆ. 1932ರ ಏಪ್ರಿಲ್ 24ರಂದು ನೂರಾರು ಜನ ಅಲ್ಲಿಂದ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಬೇಕೆಂದೇ ಅತಿಕ್ರಮವಾಗಿ ನಡೆದರು. ಏಪ್ರಿಲ್ 24 ಅಂದರೆ ನಮಗೆ ಅಣ್ಣಾವ್ರ ಹುಟ್ಟುಹಬ್ಬ, ಹಾಗಾಗಿ ತಾರೀಖು ನನಗೆ ಮರೆಯುವ ಹಾಗೇ ಇಲ್ಲ. ಆ ಬೆಟ್ಟವೆಲ್ಲ ಡ್ಯೂಕನ ಆಸ್ತಿ, ಗ್ರೌಸ್ ಎಂಬ ಹಕ್ಕಿಯ ಬೇಟೆಗೆ ಮೀಸಲು. ವರ್ಷದಲ್ಲಿ ಕೆಲವೇ ದಿನದ ಬೇಟೆಗಾಗಿ ಉಳಿದ ದಿನವೆಲ್ಲ ಕಾವಲುಗಾರರು ದೊಣ್ಣೆ ಹಿಡಿದು ಕಾಯುತ್ತಿದ್ದರು. ಮುಂದಾಳು ಬೆನ್ನಿ ರಾಥ್‌ಮನ್, ಆಗ ಅವನಿಗೆ ಇಪ್ಪತ್ತು ವರ್ಷ, ಕೆಲಸ ಕಳೆದುಕೊಂಡ ಮೆಕ್ಯಾನಿಕ್. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು. ಐದು ಹುಡುಗರು ಜೈಲಿಗೆ ಹೋದರು.

ಅದೊಂದೇ ದಿನದಿಂದ ಎಲ್ಲ ಬದಲಾಯಿತು ಅಂತಲೂ ಅಲ್ಲ. 1949ರಲ್ಲಿ ಕಾಯಿದೆ ಬಂತು. ಬೆಟ್ಟ ಬಯಲುಗಳಲ್ಲಿ ದಾರಿ ಬಿಟ್ಟೂ ಓಡಾಡಬಹುದು ಅನ್ನುವ ಹಕ್ಕು ಬಂದದ್ದು 2000ದ ಕಾಯಿದೆಯಿಂದ. 2002ರಲ್ಲಿ, ಆ ಘಟನೆಗೆ 70 ವರ್ಷವಾದಾಗ, ಅಂದಿನ ಡ್ಯೂಕ್ ಎಲ್ಲರ ಮುಂದೆ ಬಂದು ತನ್ನ ಅಜ್ಜ ಮಾಡಿದ್ದಕ್ಕೆ ಕ್ಷಮೆ ಕೇಳಿದ. ಎಪ್ಪತ್ತು ವರ್ಷ!

ನಾವು ಹೋದ ದಿನ ಒಳ್ಳೆಯ ಬಿಸಿಲಿತ್ತು. 2025ರ ವಸಂತ ಬ್ರಿಟನ್ನಿನಲ್ಲಿ ದಾಖಲೆಯ ಬಿಸಿಲಿನ ವಸಂತ ಅಂತ ಆಮೇಲೆ ಹವಾಮಾನ ಇಲಾಖೆಯೇ ಹೇಳಿತು. ಫಲಕದ ಕೆಳಗೆ ಕೂತು ಚಪಾತಿ, ಶೇಂಗಾ ಚಟ್ನಿ ತಿಂದೆವು.

ಇಷ್ಟಕ್ಕೂ ಅವತ್ತು ನಡೆದವರು ಯಾರು? ಹೆಚ್ಚಿನವರು ಮ್ಯಾಂಚೆಸ್ಟರ್ ಸುತ್ತಲಿನ ಕೆಲಸಗಾರರ ಮಕ್ಕಳು. ಅವರಿಗೆ ಬೆಟ್ಟ ಯಾಕೆ ಬೇಕಿತ್ತು ಅಂತ ತಿಳಿಯಲು ಊರೊಳಗೇ ಒಂದು ದಿನ ನಡೆಯಬೇಕು. ಪಿಕಡಿಲಿ ಹತ್ತಿರ ರೋಚ್‌ಡೇಲ್ ಕಾಲುವೆಯ ದಂಡೆಗೆ ಇಳಿದರೆ ಕ್ಯಾಸಲ್‌ಫೀಲ್ಡ್ ತನಕ ಹೋಗಬಹುದು. ದೋಣಿ ಎಳೆಯುವ ಕುದುರೆಗಳಿಗೆ ಅಂತ ಮಾಡಿದ ದಾರಿ ಅದು, ಈಗ ನಮ್ಮಂಥವರಿಗೆ. ವಸಂತದಲ್ಲಿ ಬಾತುಕೋಳಿಗಳು ಮರಿ ಕಟ್ಟಿಕೊಂಡು ಈಜುತ್ತವೆ, ಸೇತುವೆ ಕೆಳಗೆ ಬೂದು ಕೊಕ್ಕರೆ ಟ್ರಾಫಿಕ್ ಪೊಲೀಸನ ಹಾಗೆ ನಿಂತಿರುತ್ತದೆ. ಕೊನೆಗೆ ಸಿಗುವುದು 1761ರಲ್ಲಿ ಕಲ್ಲಿದ್ದಲು ತರಲು ತೆರೆದ ಬ್ರಿಜ್‌ವಾಟರ್ ಕಾಲುವೆ. ಊರಿನ ಇನ್ನೊಂದು ಬದಿಗೆ, ಆನ್‌ಕೋಟ್ಸ್‌ನಲ್ಲಿ, ಕಾಲುವೆಗೆ ಒತ್ತಿಕೊಂಡು ಕೆಂಪು ಇಟ್ಟಿಗೆಯ ಹತ್ತಿ ಗಿರಣಿಗಳು. ಈಗ ಅವುಗಳಲ್ಲಿ ಹಲವು ದುಬಾರಿ ಫ್ಲ್ಯಾಟುಗಳು.

ಆ ಗಿರಣಿಗಳ ಮುಂದೆ ನಿಂತಾಗ ಧಾರವಾಡ ನೆನಪಾಗದೇ ಇರುವುದಿಲ್ಲ. 1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿ ಬರುವುದು ನಿಂತಾಗ ಲ್ಯಾಂಕಶೈರಿನ ಗಿರಣಿಗಳು ಭಾರತದ ಕಡೆ ನೋಡಿದವು. ಆಗಲೇ ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿತ್ತು. ಅದನ್ನು ಹಡಗಿಗೆ ಮುಟ್ಟಿಸಲು ಘಟ್ಟ ಇಳಿದು ಕಾರವಾರ ಬಂದರಿಗೆ ಹೋಗುವ ರಸ್ತೆ ಮಾಡಿದರು. ಹತ್ತಿ ಬೇಕಾದಾಗ ಘಟ್ಟ ಕಡಿದು ದಾರಿ ಮಾಡಿದ ಕಾಲದಲ್ಲೇ, ಇಲ್ಲಿ ಅದೇ ಹತ್ತಿ ನೂಲುವವನಿಗೆ ರವಿವಾರ ಬೆಟ್ಟ ಹತ್ತಲು ದಾರಿ ಇರಲಿಲ್ಲ. ದಾರಿ ಯಾರಿಗೆ ಬೇಕು ಅನ್ನುವುದರ ಮೇಲೆ ಅದು ಆಗುತ್ತದೋ ಇಲ್ಲವೋ ಅನ್ನುವುದು ನಿಂತಿರುತ್ತದೆ.

ಮೇ ಮೊದಲ ವಾರದ ರಜೆಗೆ ಲಂಡನ್ನಿಗೂ ಹೋಗಿ ಬಂದೆವು. ಥೇಮ್ಸ್ ನದಿಯ ಗುಂಟ ಮೂಲದಿಂದ ಲಂಡನ್ ತನಕ 184 ಮೈಲಿಯ ಕಾಲುದಾರಿ ಇದೆ. ಅದರ ಒಂದು ತುಂಡು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಹಾಯುತ್ತದೆ, ಮತ್ತು ಅಲ್ಲಿ ನಮ್ಮ ಬಸವಣ್ಣ ಇದ್ದಾನೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಅಲ್ಲಿಂದಲೂ ಊರಿಗೆ ಕಾಲ್ ಮಾಡಿದೆ. ಅವ್ವ ಫೋನಿಗೇ ಕೈಮುಗಿದಳು. ಹಿಂದಿನಿಂದ ಅಪ್ಪನ ದನಿ, "ಅಣ್ಣಗ ಲಂಡನ್ನಾಗ ಜಾಗಾ ಸಿಕ್ಕಿತು, ನಮಗ ಶಿರಗುಪ್ಯಾಗ ಹಾದಿ ಸಿಗವಲ್ದು!"

*

ಬ್ಲೂಬೆಲ್ ನೋಡಲು ಹೋದದ್ದು ಸ್ಟೈಲ್ ಎಂಬ ಊರಿನ ಕಾಡಿಗೆ. ಇದು ಮೇಲೆ ಹೇಳಿದ ಗೋಡೆಯ ಸ್ಟೈಲ್ ಅಲ್ಲ, ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಪಕ್ಕದ ಹಳ್ಳಿ. ಎಲೆ ಪೂರ್ತಿ ಬಿಡುವ ಮೊದಲು ನೆಲಕ್ಕೆ ಬಿಸಿಲು ಬೀಳುವ ಮೂರ್ನಾಲ್ಕು ವಾರದಲ್ಲಿ ಇಡೀ ಕಾಡಿನ ನೆಲ ನೀಲಿಯಾಗುತ್ತದೆ. ತಲೆ ಮೇಲೆ ವಿಮಾನ, ಕಾಲ ಕೆಳಗೆ ನೀಲಿ. ಹೊಳೆ ದಂಡೆಯಲ್ಲಿ ಬಿಳಿ ಹೂ ಬಿಟ್ಟ ಕಾಡು ಬೆಳ್ಳುಳ್ಳಿ, ಗಾಳಿ ಬೀಸಿದರೆ ಒಗ್ಗರಣೆ ವಾಸನೆ! ಒಂದು ಎಲೆ ಬಾಯಿಗೆ ಹಾಕಿ ನೋಡಿದೆ. ಆಯಿ ಇದ್ದಿದ್ದರೆ ಒಂದು ಉಡಿ ತುಂಬ ಕಿತ್ತು ಚಟ್ನಿ ಅರೆದಿರುತ್ತಿದ್ದಳು.

ಅಲ್ಲಿ ಎಲ್ಲರೂ ದಾರಿಯಲ್ಲೇ ನಡೆಯುತ್ತಾರೆ. ಬ್ಲೂಬೆಲ್ ಎಲೆ ತುಳಿದರೆ ಗಡ್ಡೆ ಸೊರಗಿ, ಮತ್ತೆ ಹೂ ಬಿಡಲು ವರ್ಷಗಳೇ ಬೇಕು. ದಾರಿ ಇದೆ ಅಂತಲೇ ಹೂ ಉಳಿದಿದೆ. ನಮ್ಮಲ್ಲಿ ಹಾದಿ ಬಿಟ್ಟರೆ ಬೆಳೆ ಹಾಳಾಗುತ್ತದೆ ಅಂತಾರೆ. ಹಾದಿ ಇಲ್ಲದಿದ್ದಾಗಲೇ ಜನ ಬೆಳೆಯಲ್ಲಿ ಹಾಯುವುದು.

ಆ ಕಾಡಿನಲ್ಲಿ ನಕಾಶೆ ಹಿಡಿದು ಕೂತಿದ್ದ ವಯಸ್ಸಾದ ಒಬ್ಬ ಅಮ್ಮ ಪರಿಚಯವಾದರು. ಇಲ್ಲಿ ಆರ್ಡ್‌ನನ್ಸ್ ಸರ್ವೆಯವರ ನಕಾಶೆ ಸಿಗುತ್ತದೆ, ಒಂದು ಕಿಲೋಮೀಟರಿಗೆ ನಾಲ್ಕು ಸೆಂಟಿಮೀಟರ್. ಹಕ್ಕಿನ ಕಾಲುದಾರಿಗಳನ್ನೆಲ್ಲ ಹಸಿರು ಚುಕ್ಕೆಗೆರೆಯಲ್ಲಿ ತೋರಿಸಿರುತ್ತಾರೆ. ನಕಾಶೆಯಲ್ಲಿ ಇಲ್ಲದ ದಾರಿಗೆ ಏನು ಗತಿ ಅಂತ ಕೇಳಿದೆ. ಅವರು ಹೇಳಿದ್ದನ್ನು ಆಮೇಲೆ ನಾನೂ ಓದಿ ನೋಡಿದೆ. 1949ರ ಕಾಯಿದೆಯ ನಂತರ ಹಳ್ಳಿಹಳ್ಳಿಯವರೇ ತಮ್ಮೂರಿನ ದಾರಿಗಳನ್ನು ನಡೆದು ಪಟ್ಟಿ ಮಾಡಿಕೊಟ್ಟರು, ಅದರ ಮೇಲೆ ಅಧಿಕೃತ ನಕಾಶೆ ಆಯ್ತು. ಅದರಲ್ಲಿ ಬಂತು ಅಂದರೆ ಮುಗಿಯಿತು, ಹೊಲ ಹತ್ತು ಸಲ ಮಾರಿದರೂ ಹಾದಿ ಉಳಿಯುತ್ತದೆ. ಬರದೇ ಬಿಟ್ಟುಹೋದದ್ದಿದ್ದರೆ, ಇಪ್ಪತ್ತು ವರ್ಷ ಜನ ಯಾರನ್ನೂ ಕೇಳದೆ, ಕದಿಯದೆ, ತಡೆಯಿಲ್ಲದೆ ನಡೆದಿದ್ದಾರೆ ಅಂತ ತೋರಿಸಿದರೆ ಅದನ್ನೂ ಸೇರಿಸಬಹುದು. ತೋರಿಸುವುದು ಹೇಗೆ? ಹಳಬರು ಒಂದೊಂದು ಅರ್ಜಿಯಲ್ಲಿ ತಾವು ಯಾವ ವರ್ಷದಿಂದ, ಯಾತಕ್ಕೆ, ವಾರಕ್ಕೆ ಎಷ್ಟು ಸಲ ನಡೆದೆವು ಅಂತ ಬರೆದು ಸಹಿ ಹಾಕುತ್ತಾರೆ. ಹಳೇ ದಾರಿಗಳನ್ನು ಸೇರಿಸಲು ಮೊದಲು 2026ರ ಗಡುವು ಇತ್ತು, ಆಮೇಲೆ 2031 ಆಯ್ತು, 2024ರ ಡಿಸೆಂಬರಿನಲ್ಲಿ ಸರ್ಕಾರ ಆ ಗಡುವನ್ನೇ ತೆಗೆದುಹಾಕುವುದಾಗಿ ಹೇಳಿತು. ಆ ಅಮ್ಮ ಇಂಥ ಒಂದು ದಾರಿಗಾಗಿಯೇ ಸಾಕ್ಷಿ ಹುಡುಕುತ್ತಿದ್ದರು. ಸಾಕ್ಷಿ ಹೇಳುವ ವಯಸ್ಸಿನವರು ವರ್ಷಕ್ಕೆ ಒಬ್ಬಿಬ್ಬರು ತೀರಿಹೋಗುತ್ತಿದ್ದಾರೆ ಅನ್ನುವುದೇ ಅವರ ಚಿಂತೆ.

ಇಪ್ಪತ್ತು ವರ್ಷ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯ್ತು. ನಮ್ಮಲ್ಲೂ 1882ರ ಈಸ್‌ಮೆಂಟ್ ಕಾಯಿದೆ ಇದೆ. ಒಬ್ಬನ ಜಮೀನಿಗೆ ಇನ್ನೊಬ್ಬನ ಜಮೀನಿನ ಮೂಲಕ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕಿನಿಂದ, ಎಲ್ಲರಿಗೂ ಕಾಣುವ ಹಾಗೆ ನಡೆದಿದ್ದರೆ ಆ ದಾರಿಯ ಮೇಲೆ ಹಕ್ಕು ಬರುತ್ತದೆ. ಕೋರ್ಟಿಗೆ ಹೋಗಬೇಕು, ಸಾಕ್ಷಿ ಬೇಕು, ಅದು ಬೇರೆ ಮಾತು. ಆದರೆ ಲೆಕ್ಕ ಅದೇ ಇಪ್ಪತ್ತು. ನಂಬಿಕೆ ಕೂಡ ಅದೇ. ದಾರಿಯನ್ನು ಮಾಡುವುದು ನಡಿಗೆ, ಕಾಯುವುದು ನೆನಪು.

ಅವತ್ತು ರಾತ್ರಿ ಕೂತು ನಮ್ಮೂರಿನ ನಕಾಶೆ ಇಳಿಸಿಕೊಂಡೆ. ಕರ್ನಾಟಕದ ಹಳ್ಳಿಗಳ ಕಂದಾಯ ನಕಾಶೆ ಭೂದಾಖಲೆ ಇಲಾಖೆಯ ತಾಣದಲ್ಲಿ ಸಿಗುತ್ತದೆ, ಗೊತ್ತಿಲ್ಲದವರು ಒಮ್ಮೆ ನಿಮ್ಮೂರಿನದು ನೋಡಿ. ಸರ್ವೆ ನಂಬರುಗಳ ನಡುವೆ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ. ಮ್ಯಾಂಚೆಸ್ಟರಿನ ರೂಮಿನಲ್ಲಿ ಒಂದು ಕಡೆ ಅವರ ಹಸಿರು ಚುಕ್ಕೆ, ಒಂದು ಕಡೆ ನಮ್ಮ ಕಪ್ಪು ಚುಕ್ಕೆ ಇಟ್ಟುಕೊಂಡು ನೋಡಿದೆ. ನಮ್ಮ ಪಾಣಂದ ಇತ್ತು! ಅಪ್ಪನಿಗೆ ಹೇಳಿ ಆ ಪಕ್ಕದ ಹೊಲದ ಉತಾರ ತೆಗೆಸಿದೆ. ಖರಾಬಿನ ಕಾಲಮ್ಮಿನಲ್ಲಿ ‘ಬ’ ಅಂತ ಕೆಲವು ಗುಂಟೆ ಬರೆದಿತ್ತು. ‘ಬ’ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ, ಅದನ್ನು ಯಾರೂ ಉಳುವಂತಿಲ್ಲ. ಇದನ್ನು ತೋರಿಸಿ ತಹಶೀಲ್ದಾರರಿಗೆ ಅರ್ಜಿ ಹಾಕಬಹುದು.

ಆದರೆ ಚುಕ್ಕೆಗೆರೆ ಅರ್ಧ ಹಾದಿಗೇ ನಿಂತಿತ್ತು. ಮೋಜಣಿಯಾದಾಗ ಆ ಹೊಲ ಒಂದೇ ಆಗಿತ್ತು, ಆಮೇಲೆ ವಾಟ್ನಿಯಾಗಿ ನಾಲ್ಕು ತುಂಡಾದಾಗ ಕೊನೆಯ ತುಂಡು ನಮ್ಮದಾಯ್ತು. ಆ ಕೊನೆಯ ಇನ್ನೂರು ಹೆಜ್ಜೆ ಯಾವ ಕಾಗದದಲ್ಲೂ ಇಲ್ಲ. ಅದು ಇರುವುದು ನಡೆದವರ ತಲೆಯಲ್ಲಿ ಮಾತ್ರ.

*

2025ರ ದೀಪಾವಳಿಗೆ ಊರಿಗೆ ಹೋದಾಗ ನಕಾಶೆಯ ಪ್ರಿಂಟು ತೆಗೆದುಕೊಂಡು ಅಪ್ಪನ ಜೊತೆ ಆ ಹಾದಿ ನಡೆದೆ. ಓಣಿಯ ಹಿರಿಯರು ಇಬ್ಬರು ಬಂದಿದ್ದರು. ಒಬ್ಬರಿಗೆ ಎಂಬತ್ತು ದಾಟಿದೆ, ಕಣ್ಣು ಮಂದ. ಕೋಲು ಊರುತ್ತ ಬಂದು "ಇಲ್ಲೊಂದು ಜಾಲಿ ಗಿಡಾ ಇತ್ತ ನೋಡ, ಅದರ ನೆಳ್ಳಾಗ ನಿಮ್ಮ ಆಯಿ ಬುತ್ತಿ ಇಳಸ್ತಿದ್ಲು" ಅಂತ ನಿಂತರು. ಜಾಲಿಯ ಬೊಡ್ಡೆ ನಿಜವಾಗಿ ಅಲ್ಲೇ ಇತ್ತು, ರವದಿ ಕೆಳಗೆ. ನಾನು ಅವರ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಯಾವ ವರ್ಷದಿಂದ, ಯಾತಕ್ಕೆ, ಎಷ್ಟು ಸಲ... ಸ್ಟೈಲ್ ಕಾಡಿನ ಆ ಅಮ್ಮ ಕೇಳುತ್ತಿದ್ದ ಪ್ರಶ್ನೆಗಳನ್ನೇ ಕೇಳಿದೆ.

ಆ ಸಂಜೆ ಹೊಸ ಮಾಲೀಕರ ಮನೆಗೆ ಹಿರಿಯರೇ ಹೋದರು. ಮಾತು ಏರಿತು, ಇಳಿಯಿತು, ಮೂರು ಸಲ ಚಹಾ ಬಂತು. ನಕಾಶೆಯಲ್ಲಿ ಇರುವಷ್ಟಕ್ಕೆ ಅವರು ತಂತಿ ತೆಗೆದರು. ಉಳಿದ ಇನ್ನೂರು ಹೆಜ್ಜೆಗೆ, ಕಬ್ಬು ಕಡಿಯುವ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಬಿಡುತ್ತೇವೆ ಅಂತ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟರು. ಬರೀ ಈ ಒಂದು ಸುಗ್ಗಿಗೆ. ಮುಂದಿನದು ಮುಂದೆ ನೋಡೋಣ ಅಂದರು. ವಕೀಲರನ್ನು ಕಂಡು ಬಂದಿದ್ದೇವೆ, ಬೇಕಾದರೆ ಕೋರ್ಟಿಗೂ ಹೋಗಲು ಅಪ್ಪ ತಯಾರಿದ್ದಾನೆ.

ನನಗೆ ಹೆದರಿಕೆ ಬೇರೆಯದು. ನನ್ನ ವಾರಿಗೆಯ ಹುಡುಗರು ಪುಣೆ, ಬೆಂಗಳೂರು, ನನ್ನಂಥವರು ಇನ್ನೂ ಆಚೆ. ಊರಲ್ಲಿ ಇರುವವರೂ ಡಾಂಬರಿನ ತನಕ ಬೈಕು. ಶಿವರಾತ್ರಿಗೆ ಈಗ ಕಾರಿನಲ್ಲಿ ಸುತ್ತು ಹಾಕಿ ಖಿದ್ರಾಪುರಕ್ಕೆ ಹೋಗುತ್ತಾರೆ. ಇನ್ನು ಇಪ್ಪತ್ತು ವರ್ಷದ ಮೇಲೆ "ಹೌದು, ನಾವು ಇಲ್ಲಿ ನಡೆದಿದ್ದೇವೆ" ಅಂತ ಹೇಳಲು ಯಾರು ಇರುತ್ತಾರೆ? ಇಂಗ್ಲೆಂಡಿನಲ್ಲಿ ರವಿವಾರ ಬೂಟು ಕಟ್ಟಿಕೊಂಡು ಸುಮ್ಮನೆ ಹೊಲದಲ್ಲಿ ಹಾಯುವ ಮುದುಕ ಮುದುಕಿಯರನ್ನು ನೋಡಿ ಮೊದಮೊದಲು ಇವರಿಗೆ ಬೇರೆ ಕೆಲಸ ಇಲ್ಲವಾ ಅನ್ನಿಸುತ್ತಿತ್ತು. ಅವರು ನಡೆಯುವುದೇ ಒಂದು ಕೆಲಸ. ನಡೆದಷ್ಟು ದಿನ ಹಾದಿ ಇರುತ್ತದೆ.

ಅಪ್ಪ ಈಗ ಕೆಲಸ ಇರಲಿ ಇಲ್ಲದಿರಲಿ, ದಿನಾ ಬೆಳಿಗ್ಗೆ ಆ ಇನ್ನೂರು ಹೆಜ್ಜೆ ನಡೆದು ಬರುತ್ತಾನೆ. ಡಾಕ್ಟರು ವಾಕಿಂಗ್ ಮಾಡು ಅಂದಾರ ಅಂತ ಕೇಳಿದವರಿಗೆ ಹೇಳುತ್ತಾನಂತೆ. ಮುಂದಿನ ಶಿವರಾತ್ರಿಗೆ ಓಣಿಯ ಹುಡುಗರನ್ನೆಲ್ಲ ಕಟ್ಟಿಕೊಂಡು ಜುಗೂಳದ ತನಕ ನಡೆದುಕೊಂಡೇ ಹೋಗಬೇಕು ಅಂತ ಮಾತಾಡಿದ್ದೇವೆ. ನನ್ನ ರಜೆ ಇನ್ನೂ ಮಂಜೂರಾಗಿಲ್ಲ, ಆದರೆ ಮಂಡ್ಯದವನು ತಾನೂ ಬರುತ್ತೇನೆ ಅಂತ ಈಗಲೇ ಕುಣಿಯುತ್ತಿದ್ದಾನೆ.

ನಿಮ್ಮೂರಿನ ಹೊಲದ ಹಾದಿಗೆ ನಿಮ್ಮ ಕಡೆ ಏನಂತಾರೆ? ಅದರ ಹೆಸರು ಗೊತ್ತಿರುವ ಹಿರಿಯರು ಇನ್ನೂ ಇದ್ದರೆ, ಊರಿಗೆ ಹೋದಾಗ ಒಮ್ಮೆ ಅವರ ಜೊತೆ ನಡೆದು ಬನ್ನಿ.